ಬೋರ್ಡಿನ ಎಡ ಮೂಲೆ

ಮೊಮ್ಮಗ ಕಲಬುರಗಿಯಲ್ಲಿ ಬಟ್ಟೆ ಅಂಗಡಿ ಹಾಕುತ್ತಿದ್ದಾನೆ. ಮೊನ್ನೆ ಬೋರ್ಡಿನ ನಮೂನೆಯನ್ನು ಮೊಬೈಲಿನಲ್ಲಿ ತೋರಿಸಿದ. ಬಲಕ್ಕೆ ವಾಲಿದ ಅಕ್ಷರ, ಒಣಗಿದ ಬ್ರಶ್ಶಿನಲ್ಲಿ ಎಳೆದ ಹಾಗೆ ಅಂಚೆಲ್ಲ ಒರಟು. "ಕೈಬರಹದಂಗ ಕಾಣೋ ಫಾಂಟ್ ಆಯಿ, ಈಗ ಇದೇ ನಡೆದದ," ಅಂದ. ಯಾರ ಕೈಯೂ ತಾಗದ ಕೈಬರಹ! ಆದರೂ ಮೂಗಿಗೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಹೊಡೆದಂತಾಯಿತು...

ಕಮಲಾಪುರದ ನಮ್ಮ ಅಂಗಡಿಗೆ ಬೋರ್ಡು ಬರೆಯಲು ಕಲಬುರಗಿಯ ಮೋಮಿನಪುರದಿಂದ ಒಬ್ಬರು ಬರುತ್ತಿದ್ದರು. ಅಪ್ಪನಿಗೂ ನಮಗೂ ಅವರು ಚಾಚಾ. ನಿಜಾಮರ ಕಾಲ, ಬೋರ್ಡುಗಳು ಹೆಚ್ಚಾಗಿ ಉರ್ದು. ಬೇಕೆಂದವರಿಗೆ ಕನ್ನಡವನ್ನೂ ಬರೆದುಕೊಡುತ್ತಿದ್ದರು, ಓದಲು ಮಾತ್ರ ಬರುತ್ತಿರಲಿಲ್ಲ. ಕಾಗದದಲ್ಲಿ ಗೀಚಿಕೊಟ್ಟದ್ದನ್ನು ನೋಡುತ್ತ, ಹಲಗೆಯ ಬಲ ತುದಿಗೆ ಕೊನೆಯ ಅಕ್ಷರ ಮೊದಲು ಬರೆದು, ಹಾಗೇ ಎಡಕ್ಕೆ ಬರುತ್ತಿದ್ದರು. ಉರ್ದುವಿಗೆ ಪಳಗಿದ ಕೈ ಅದು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅಕ್ಷರಗಳು ಗಾಳಿಗೆ ಬಾಗಿದ ಜೋಳದ ಹಾಗೆ ವಾಲಿರುತ್ತಿದ್ದವು. ಕಡೆಗೆ ಎಡಗಡೆಯ ಕೆಳ ಮೂಲೆಯಲ್ಲಿ ಉರ್ದುವಿನಲ್ಲಿ ತಮ್ಮ ಹೆಸರು. ಅದನ್ನು ನೋಡಿಯೇ ಬೇರೆ ಅಂಗಡಿಯವರು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದು, ಮುಸಲ್ಮಾನರ ಮೇಲೆ ಹಲ್ಲೆಗಳಾದ ಮೇಲೆ ಬಹಳ ದಿನ ಅವರ ಸುಳಿವಿರಲಿಲ್ಲ. ಬದುಕಿದ್ದಾರೋ ಇಲ್ಲವೋ ಎಂದು ಅವ್ವ ಒಮ್ಮೆ ಕೇಳಿದ್ದಳು. ಒಂದು ದಿನ ಬಂದರು, ಗಡ್ಡ ಬೋಳಿಸಿಕೊಂಡು. ಉರ್ದು ಬೋರ್ಡನ್ನು ಕನ್ನಡಕ್ಕೆ ಬದಲಿಸುವುದಿದ್ದರೆ ಕೆಲಸ ಕೊಡಿ ಎಂದರು. ಬೀದಿಯಲ್ಲಿ ಬೇಡವೆಂದು ಅಪ್ಪ ಹಲಗೆಯನ್ನು ಹಿತ್ತಲಿಗೆ ಒಯ್ಯಿಸಿ ಬಾಗಿಲು ಹಾಕಿದರು. ಚಾಚಾ ತಾವೇ ಬರೆದಿದ್ದ ಉರ್ದುವಿನ ಮೇಲೆ ಬಿಳಿ ಬಣ್ಣ ಬಳಿದರು, ಮೂಲೆಯಲ್ಲಿದ್ದ ತಮ್ಮ ಹೆಸರಿನ ಮೇಲೂ. ಅದು ಒಣಗಿದ ಮೇಲೆ ಕನ್ನಡ ಬರೆಯುತ್ತ ಬರೆಯುತ್ತ ಎಡ ತುದಿ ಮುಟ್ಟಿದರು. ಆಮೇಲೆ ಸಣ್ಣ ಬ್ರಶ್ಶು ಕೈಗೆತ್ತಿಕೊಂಡರು.

"ಹೆಸರ ಬ್ಯಾಡ ಚಾಚಾ," ಅಂದರು ಅಪ್ಪ. "ದಿನಮಾನ ಛಲೋ ಇಲ್ಲ. ಮಂದಿ ನಮ್ಮ ಅಂಗಡಿಗೆ ಬೊಟ್ಟ ಮಾಡ್ತಾರ."

"ಹೆಸರ ನೋಡೇ ಮಂದಿ ನನ್ನ ಕೆಲಸಕ್ಕ ಕರೀತಾರ್ರಿ ಸಾವಕಾರ್ರ..."

ಅಪ್ಪ ನೆಲ ನೋಡುತ್ತ ತಲೆ ಅಲ್ಲಾಡಿಸಿದರು. ಚಾಚಾ ಬ್ರಶ್ಶು ಒರೆಸಿ ಡಬ್ಬಿಗೆ ಹಾಕಿದರು.

ಬೋರ್ಡು ಊರಿಗೆಲ್ಲ ಮೆಚ್ಚಿಕೆಯಾಯಿತು. ಯಾರು ಬರೆದದ್ದೆಂದು ಕೇಳಿದರೆ ಅಪ್ಪ "ಕಲಬುರಗಿ ಕಡಿಯವರೊಬ್ಬರು" ಎಂದು ಮಾತು ತೇಲಿಸುತ್ತಿದ್ದರು. ಕೇಳುತ್ತಿದ್ದ ನನಗೆ ನಾಚಿಕೆಯಿಂದ ತಲೆ ತಗ್ಗುತ್ತಿತ್ತು. ಅಪ್ಪನಿಗೂ ನಾಚಿಕೆಯಿತ್ತು, ಹೆದರಿಕೆ ಅದಕ್ಕಿಂತ ದೊಡ್ಡದಿತ್ತು ಅಷ್ಟೇ. ಚಾಚಾ ಮತ್ತೆ ಕಮಲಾಪುರಕ್ಕೆ ಬರಲಿಲ್ಲ. ಅವರು ಹೆಸರಿಗೆಂದು ಬಿಟ್ಟಿದ್ದ ಜಾಗ ಮಾತ್ರ ಬೋರ್ಡಿಗೆ ಗೆದ್ದಲು ಹಿಡಿಯುವವರೆಗೂ ಖಾಲಿಯಾಗಿಯೇ ಇತ್ತು...

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಅವನ ಬೋರ್ಡಿನ ನಮೂನೆಯ ಮೂಲೆಯಲ್ಲಿ ಮುದ್ರಿಸುವವನ ಹೆಸರು, ಫೋನ್ ನಂಬರು ಎಲ್ಲ ಇದ್ದವು. ಅವನು ಅದನ್ನೊಮ್ಮೆ ನೋಡಿ, "ಅವರ ಹೆಸರೂ ಒಂದ್ ಕಡಿ ಹಾಕಸೂಣೇನ ಆಯಿ? ಹೇಳು, ಏನಿತ್ತು?" ಅಂದ.

ಅಪ್ಪನಿಗೆ ಉರ್ದು ಬರುತ್ತಿತ್ತು, ಆ ಹೆಸರನ್ನು ದಿನಾ ಓದಿರುತ್ತಾರೆ. ನನಗೆ ಬರುತ್ತಿರಲಿಲ್ಲ. ಅಪ್ಪ ಇದ್ದಾಗ ಒಂದು ಮಾತು ಕೇಳಬಹುದಿತ್ತು... ಕೇಳಲಿಲ್ಲ.

"ಚಾಚಾ ಅಂತಿದ್ದಿವೋ," ಅಂದೆ. ಮೊಮ್ಮಗ ಇನ್ನೂ ಕಾಯುತ್ತಿದ್ದ.