ಮನೆಯೊಡತಿಯ ಮೊಣಕೈ

ಜರ್ಸಿ ಸಿಟಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿಯ ಮೊಣಕೈ ಸಿನಿಮಾದಲ್ಲಿ ಬಂದಿತ್ತು. ಬೇರೆ ಕಡೆ ಮನೆ ಕೊಡುವವರು ಕಸ ಎಲ್ಲಿ ಹಾಕಬೇಕು, ಕಾರು ಎಲ್ಲಿ ನಿಲ್ಲಿಸಬೇಕು ಎಂದು ಹೇಳುತ್ತಾರೆ. ಈಕೆ ಬೀಗದ ಕೈ ಕೊಡುವಾಗ ಹೇಳಿದ್ದು ಮೊಣಕೈಯ ವಿಷಯ. ಹೀಟರ್ ಕೈಕೊಡುತ್ತದೆ ಎಂಬುದನ್ನು ನಾವೇ ಕಂಡುಕೊಳ್ಳಬೇಕಾಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಮ್ಮವರು ಮ್ಯಾನ್‌ಹಟನ್ನಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ದಿನಾ ನದಿಯ ಕೆಳಗಿನ ಟ್ರೈನಿನಲ್ಲಿ ಹೋಗಿ ಬರುತ್ತಿದ್ದರು. ನಾನು ಮೈಸೂರಿನಿಂದ ಬಿ.ಎ. ಡಿಗ್ರಿ, ಒಂದಷ್ಟು ರೇಷ್ಮೆ ಸೀರೆ, ಒಂದು ಇಡ್ಲಿ ಪಾತ್ರೆ ಹೊತ್ತು ಬಂದವಳು. ಈ ಮೂರರಲ್ಲಿ ಅಮೆರಿಕದಲ್ಲಿ ಉಪಯೋಗಕ್ಕೆ ಬಂದದ್ದು ಇಡ್ಲಿ ಪಾತ್ರೆ ಮಾತ್ರ. ಮನೆ ಹಳೆಯ ಇಟ್ಟಿಗೆಯದು, ಎರಡು ಮಹಡಿ. ಮೇಲೆ ನಾವು, ಕೆಳಗೆ ಒಡತಿ. ಅರವತ್ತು ದಾಟಿದ ವಿಧವೆ, ತಲೆಗೆ ಸದಾ ಸ್ಕಾರ್ಫು, ತುಟಿಗೆ ಸದಾ ಕೆಂಪು.

ನಮಗೆ ಆಗ ಟಿ.ವಿ. ಇರಲಿಲ್ಲ. ಆಕೆಗೆ ಇತ್ತು, ಮತ್ತು ಪ್ರತಿ ಶನಿವಾರ ಮಧ್ಯಾಹ್ನ ಅದರಲ್ಲಿ ಹಳೆಯ ಸಿನಿಮಾ ಬರುತ್ತಿತ್ತು. ಶುರುವಾಗುವ ಹೊತ್ತಿಗೆ ಆಕೆ ಪೊರಕೆಯ ಕೋಲಿನಿಂದ ತನ್ನ ಸೂರನ್ನು, ಅಂದರೆ ನಮ್ಮ ನೆಲವನ್ನು ಕುಟ್ಟುತ್ತಿದ್ದಳು. ನಾನು ಒಲೆ ಆರಿಸಿ ಕೆಳಗೆ ಓಡಬೇಕು.

"ಬೇಗ ಬಾ, ಅವಳು ಮೆಟ್ಟಿಲು ಇಳಿಯುವುದರಲ್ಲಿದ್ದಾಳೆ" ಎನ್ನುತ್ತಿದ್ದಳು.

ಅವಳು ಅಂದರೆ ಬ್ಲಾಂಡ್ ಸುಂದರಿ. ಬಂಗಾರದ ಬಣ್ಣದ ಕೂದಲಿನ ಆ ನಟಿಯರು ವಾರಕ್ಕೊಬ್ಬರಂತೆ ಬರುತ್ತಿದ್ದರು. ಕಪ್ಪುಬಿಳುಪು ಪರದೆಯ ಮೇಲೆ ಅದು ಬಂಗಾರವೆಂದು ನಂಬಿಕೊಳ್ಳುವುದು ಪ್ರೇಕ್ಷಕರ ಕೆಲಸ. ಮೆಟ್ಟಿಲು ಇಳಿಯುವುದು ಅವರ ಮುಖ್ಯ ಕಸುಬು. ಹತ್ತುವುದನ್ನು ನಾನೆಂದೂ ನೋಡಲಿಲ್ಲ, ಮೇಲೆ ಹೇಗೆ ಹೋಗುತ್ತಿದ್ದರೋ ದೇವರಿಗೇ ಗೊತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಲಿಪ್‌ಸ್ಟಿಕ್ ಇರುತ್ತಿತ್ತು. ಹಡಗು ಮುಳುಗಿದರೂ ಕೂದಲು ಕೆದರುತ್ತಿರಲಿಲ್ಲ. ಪ್ರೀತಿಸಲು ಬರುವ ಗಂಡಸು ಅವಳ ಅಪ್ಪನ ಓರಗೆಯವನು. ಅದನ್ನು ಚಿತ್ರದಲ್ಲಿ ಯಾರೂ ಎತ್ತಿ ಆಡುತ್ತಿರಲಿಲ್ಲ. ಅವಳು ಒಂದು ಮೊಟ್ಟೆ ಬೇಯಿಸಿದ್ದನ್ನು ನಾನು ಕಂಡಿಲ್ಲ. ಅಪ್ಪಿತಪ್ಪಿ ಅಡುಗೆಮನೆಗೆ ಹೋದಳೆಂದರೆ ಅಲ್ಲೊಂದು ಹೆಣ ಬಿದ್ದಿರುತ್ತಿತ್ತು.

ಒಡತಿ ಇವರನ್ನೆಲ್ಲ ಮೂರು ಜಾತಿ ಮಾಡಿಟ್ಟಿದ್ದಳು: ತಣ್ಣನೆಯವಳು, ನಗಿಸುವವಳು, ಕೊಲ್ಲುವವಳು. ತಣ್ಣನೆಯವಳಿಗೆ ಮುತ್ತಿನ ಸರ ಮತ್ತು ಒಂದು ರಹಸ್ಯ. ನಗಿಸುವವಳಿಗೆ ಬುದ್ಧಿ ಕಮ್ಮಿ ಎಂದು ಎಲ್ಲರೂ ಅಂದುಕೊಂಡಿರುವಾಗಲೇ ಕೊನೆಯಲ್ಲಿ ಅವಳು ಕೋಟ್ಯಧಿಪತಿಯನ್ನು ಹಿಡಿದಿರುತ್ತಾಳೆ. ಕೊಲ್ಲುವವಳು ಸೊಗಸಾದ ಉಡುಪಿನಲ್ಲಿ ಜೈಲಿಗೆ ಹೋಗುತ್ತಾಳೆ.

"ಕಪ್ಪು ಕೂದಲಿನವಳಿಗೆ ಏನು ಸಿಗುತ್ತದೆ?" ಎಂದು ಒಮ್ಮೆ ಕೇಳಿದೆ.

"ಅವಳು ಗೆಳತಿ. ಫೋನ್ ಬಂದರೆ ಎತ್ತುತ್ತಾಳೆ" ಎಂದಳು ಒಡತಿ.

ನಾನು ನನ್ನ ಎಣ್ಣೆ ಹಚ್ಚಿದ ಜಡೆಯನ್ನು ಹಿಂದಕ್ಕೆ ಸರಿಸಿದೆ.

ಆಕೆ ಯೌವನದಲ್ಲಿ ನ್ಯೂಯಾರ್ಕಿನ ಒಂದು ಸ್ಟುಡಿಯೋದಲ್ಲಿ ಸ್ಟ್ಯಾಂಡ್-ಇನ್ ಆಗಿದ್ದಳಂತೆ. ಹಾಗೆಂದರೆ ನಿಲ್ಲುವ ಕೆಲಸ. ದೀಪಗಳನ್ನು ಹೊಂದಿಸಿಕೊಳ್ಳುವ ತನಕ ದೊಡ್ಡ ನಟಿಯ ಜಾಗದಲ್ಲಿ ಅವಳದೇ ಎತ್ತರದ, ಅವಳದೇ ಬಣ್ಣದ ಕೂದಲಿನ ಒಬ್ಬಳು ನಿಂತಿರಬೇಕು. ಎಲ್ಲ ಸರಿಯಾದ ಮೇಲೆ ಇವಳು ಪಕ್ಕಕ್ಕೆ ಸರಿಯುತ್ತಾಳೆ, ಅವಳು ಬರುತ್ತಾಳೆ. ಬಿಸಿಲಿನಂಥ ದೀಪದಡಿ ಬೇಯುವುದು ಒಬ್ಬಳು, ಮಿನುಗುವುದು ಇನ್ನೊಬ್ಬಳು. ಕೂದಲೂ ಹುಟ್ಟಿನದಲ್ಲ. ಇಬ್ಬರಿಗೂ ವಾರವಾರ ಅದೇ ಬ್ಲೀಚು, ನೆತ್ತಿ ಉರಿದು ಗುಳ್ಳೆ ಏಳುತ್ತಿತ್ತಂತೆ. ಸ್ಕಾರ್ಫಿನ ಕೆಳಗೆ ಉಳಿದದ್ದು ಬಹಳ ಇಲ್ಲ ಎಂದು ಆಕೆ ನಗುತ್ತಲೇ ಹೇಳಿದಳು.

"ಆ ನಟಿ ಒಳ್ಳೆಯವಳಾಗಿದ್ದಳಾ?" ಎಂದೆ.

"ನನ್ನ ಹೆಸರು ಕಲಿಯಲಿಲ್ಲ. ನನಗೂ 'ನಾನು' ಅಂತಲೇ ಅನ್ನುತ್ತಿದ್ದಳು. 'ನಾನು ಎಲ್ಲಿ? ನನ್ನನ್ನು ಕರೆದು ಅಲ್ಲಿ ನಿಲ್ಲಿಸಿ' ಅನ್ನುತ್ತಿದ್ದಳು. ಮೊದಮೊದಲು ಗೊಂದಲ ಆಗುತ್ತಿತ್ತು."

ಆ ನಟಿಯ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮ ಮನೆಯಲ್ಲೂ ಒಬ್ಬ ಅಭಿಮಾನಿ ಎದ್ದು ನಿಂತು ವಾದ ಶುರುಮಾಡುತ್ತಾನೆ. ನಮ್ಮ ಮನೆಯಲ್ಲಿ ಒಬ್ಬರು ಇದ್ದರು.

ನಮ್ಮವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಕಂಟೋನ್ಮೆಂಟಿನ ಟಾಕೀಸುಗಳಲ್ಲಿ ಇಂಗ್ಲಿಷ್ ಚಿತ್ರ ಬಿಡದೆ ನೋಡಿದವರು. ಅದನ್ನು ಅವರು ಕಲೆಯ ಅಭ್ಯಾಸ ಎಂದು ಕರೆಯುತ್ತಿದ್ದರು. ಕಲೆ ಯಾಕೋ ಯಾವಾಗಲೂ ಬಂಗಾರದ ಕೂದಲಿನಲ್ಲೇ ಇರುತ್ತಿತ್ತು. ಒಡತಿಯ ಮೊಣಕೈ ಇದ್ದ ಚಿತ್ರ ಆ ಶನಿವಾರ ಬರುತ್ತದೆ ಎಂದಾಗ ಅವರೂ ಕೆಳಗೆ ಬಂದು ಕೂತರು. ಅದು ಅವರು ಹಾಸ್ಟೆಲಿನಲ್ಲಿದ್ದಾಗ ಮತ್ತೆ ಮತ್ತೆ ನೋಡಿದ ಚಿತ್ರ. ಒಬ್ಬ ಶ್ರೀಮಂತ ವಿಧವೆ, ಕಳುವಾದ ವಜ್ರ, ಒಂದು ದೊಡ್ಡ ಹೋಟೆಲು, ಮಳೆಯಲ್ಲೂ ಟೋಪಿ ತೆಗೆಯದ ಪತ್ತೇದಾರ. ಅರ್ಧ ಮುಗಿದ ಮೇಲೆ ಒಡತಿ ಕುರ್ಚಿಯ ತುದಿಗೆ ಬಂದಳು.

"ಈಗ" ಎಂದಳು.

ಒಂದು ಬಾಗಿಲು. ಅದರ ಪಕ್ಕದಲ್ಲಿ ಬಿಳಿ ಗ್ಲೌಸು ತೊಟ್ಟ ಒಂದು ಕೈ, ಮಡಿಚಿದ ಮೊಣಕೈ. ಅಷ್ಟರಲ್ಲಿ ಸೋಪಿನ ಜಾಹೀರಾತು.

"ನೋಡಿದಿರಾ?" ಎಂದು ಆಕೆ ಕೇಳಿದಳು. ನಾವು ತಲೆಯಾಡಿಸಿದೆವು. ಕಣ್ಣು ಮಿಟುಕಿಸಿದ್ದರೆ ಅದೂ ಇಲ್ಲ.

ನಮ್ಮವರು ಮುಗುಳ್ನಗುತ್ತಲೇ ಕನ್ನಡದಲ್ಲಿ ಹೇಳಿದರು: "ಈಯಮ್ಮ ಬುರುಡೆ ಬಿಡ್ತಿದಾಳೆ ಕಣೇ. ಮೊಣಕೈಗೆ ಏನು ಗುರುತು ಇರತ್ತೆ? ನನ್ನದೂ ಅಂತ ನಾನೂ ಹೇಳಬಹುದು."

"ನಿಮ್ಮದು ಅಷ್ಟು ಬೆಳ್ಳಗಿಲ್ಲ ಬಿಡಿ" ಎಂದೆ.

"ತಮಾಷೆ ಅಲ್ಲ. ಈ ಟಿ.ವಿ.ಯವರು ಅಸಲು ಸೀನೇ ಕತ್ತರಿಸಿಬಿಟ್ಟಿದಾರೆ. ಬಾಗಿಲಿಗೆ ಬರೋಕ್ಕೆ ಮುಂಚೆ ಉದ್ದ ಕಾರಿಡಾರಿನಲ್ಲಿ ಅವಳು ನಡ್ಕೊಂಡು ಹೋಗ್ತಾಳೆ, ಬೆನ್ನು ನಮ್ಮ ಕಡೆ. ಆ ನಡಿಗೆ ನೀನು ನೋಡಬೇಕಿತ್ತು. ಎಡಗಾಲು ಒಂದು ಕ್ಷಣ ತಡ ಆಗತ್ತೆ, ಏನೋ ಯೋಚನೆ ಮಾಡೋ ಹಾಗೆ. ಅದನ್ನ ಯಾರೂ ಹೇಳಿಕೊಡೋಕ್ಕಾಗಲ್ಲ. ಹುಟ್ಟಿನಿಂದ ಬರಬೇಕು."

ಅವರ ಹಾಸ್ಟೆಲಿನ ಹುಡುಗರು ವರಾಂಡದಲ್ಲಿ ಆ ನಡಿಗೆಯನ್ನು ನಡೆದು ತೋರಿಸುತ್ತಿದ್ದರಂತೆ. ಪಂಚೆ ಉಟ್ಟು. ದೇಶಕ್ಕೆ ಅಣೆಕಟ್ಟು, ಸೇತುವೆ ಕಟ್ಟಬೇಕಾದವರು.

ಅದಾದ ಮೇಲೂ ಆ ಚಿತ್ರ ಹಲವು ಸಲ ಟಿ.ವಿ.ಯಲ್ಲಿ ಬಂತು. ಪೊರಕೆಯ ಕೋಲು ಕುಟ್ಟಿತು, ನಾನು ಇಳಿದೆ, ಮೊಣಕೈ ಬಂದು ಹೋಯಿತು. ನಮ್ಮವರು ಮಾತ್ರ ಆಫೀಸಿನ ಕೆಲಸ ಇದೆ ಎಂದು ಮೇಲೆಯೇ ಉಳಿಯುತ್ತಿದ್ದರು. ಒಬ್ಬ ಮಹಾನಟಿಯ ಕೈಯನ್ನು ಬಾಡಿಗೆ ಮನೆಯ ಮುದುಕಿ ಕದಿಯುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ಒಂದು ಚಳಿಗಾಲ ಮ್ಯಾನ್‌ಹಟನ್ನಿನಲ್ಲಿ ಹಳೆಯ ಚಿತ್ರಗಳನ್ನೇ ಹಾಕುವ ಒಂದು ಟಾಕೀಸಿನಲ್ಲಿ ಅದೇ ಚಿತ್ರ ಬಂದಿರುವುದನ್ನು ಅವರು ಪೇಪರಿನಲ್ಲಿ ನೋಡಿದರು. ಕತ್ತರಿಸದ ಪೂರ್ತಿ ಪ್ರತಿ. ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗುವುದೆಂದಾಯಿತು.

"ಒಡತಿಯನ್ನೂ ಕರ್ಕೊಂಡು ಹೋಗೋಣ" ಎಂದೆ.

"ಕರ್ಕೋ. ದೊಡ್ಡ ಪರದೇಲಿ ಒಂದು ಸಲ ನೋಡಿದರೆ ಆಯಮ್ಮನಿಗೂ ಭ್ರಮೆ ಬಿಟ್ಟೀತು" ಎಂದರು. ಇಂಥ ದೊಡ್ಡ ಮನಸ್ಸಿನಿಂದಲೇ ಅವರು ಮೂರು ಟಿಕೆಟ್ ತೆಗೆದದ್ದು.

ಆಕೆ ತುಪ್ಪಳದ ಕಾಲರಿನ ಕೋಟು ಹಾಕಿಕೊಂಡು ಬಂದಳು. ಆ ಚಿತ್ರವನ್ನು ಟಾಕೀಸಿನಲ್ಲಿ ಆಕೆ ಯಾವತ್ತೂ ನೋಡಿರಲಿಲ್ಲ ಎಂದು ಟ್ರೈನಿನಲ್ಲಿ ಹೇಳಿದಳು. ಬಿಡುಗಡೆಯಾದಾಗ ಆಕೆಯ ತಾಯಿಗೆ ಕಾಯಿಲೆ, ಮುಂದೆ ಮದುವೆ, ಮಕ್ಕಳು. ಟಾಕೀಸಿನಲ್ಲಿ ನಮ್ಮವರು ನಡುವೆ ಕೂತರು, ಆಚೆಗೆ ಆಕೆ, ಈಚೆಗೆ ನಾನು.

ಕಾರಿಡಾರು ಬಂತು. ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು. ಉದ್ದಕ್ಕೆ ಹಾಸಿದ ಜಮಖಾನೆ, ಎರಡೂ ಕಡೆ ದೀಪ, ಬಿಳಿಯ ಗೌನು, ಹೊಳೆಯುವ ಕೂದಲು. ಅವಳು ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಳು, ಎಡಗಾಲು ಪ್ರತಿ ಹೆಜ್ಜೆಗೂ ಕೊಂಚ ತಡವಾಗುತ್ತಿತ್ತು. ನಮ್ಮವರು ಒಡತಿಯ ಕಡೆ ಬಾಗಿ, ಪಾಠ ಹೇಳುವ ದನಿಯಲ್ಲಿ ಇಂಗ್ಲಿಷಿನಲ್ಲಿ ಅಂದರು:

"ಇದನ್ನು ನೋಡಿ. ಇದಕ್ಕೇ ಅವಳು ಸ್ಟಾರ್ ಆಗಿದ್ದು."

ಒಡತಿ ಪೆಪ್ಪರ್‌ಮೆಂಟಿನ ಕಾಗದ ಬಿಚ್ಚುತ್ತಿದ್ದಳು. "ಅದು ನಾನು" ಎಂದಳು. "ಅವತ್ತು ಅವಳು ಡೈರೆಕ್ಟರ್ ಹತ್ತಿರ ಜಗಳ ಆಡಿ ಕಾರಿನಲ್ಲಿ ಕೂತುಬಿಟ್ಟಿದ್ದಳು. ಹಿಂದಿನಿಂದ ತಾನೇ, ನೀನೇ ನಡಿ ಅಂದರು. ಶೂ ಅವಳದು. ಅವಳ ಪಾದ ನನ್ನದಕ್ಕಿಂತ ಚಿಕ್ಕದು. ಎಡಗಾಲಿನದು ಕಚ್ಚುತ್ತಿತ್ತು."

ನಮ್ಮವರು ಹಿರಿಯರಿಗೆ ತೋರಿಸಬೇಕಾದ ಗೌರವ ತೋರಿಸಿ ನಕ್ಕರು. ಆಮೇಲೆ ಬಾಗಿಲು ಬಂತು, ಮೊಣಕೈ ಬಂತು. ಆಕೆ ಅವರನ್ನು ದಾಟಿ ಕೈಚಾಚಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಆಕೆ ಬಾತ್‌ರೂಮಿಗೆಂದು ಎದ್ದಳು. ಸಾಲು ದಾಟಿ, ನಡುವಿನ ಇಳಿಜಾರು ಹಾದಿಯಲ್ಲಿ ಹಿಂದಿನ ಬಾಗಿಲಿನ ಕಡೆ ನಡೆದಳು. ಪರದೆಯ ಬೆಳಕು ಆಕೆಯ ಬೆನ್ನಿನ ಮೇಲೆ ಬೀಳುತ್ತಿತ್ತು. ದಪ್ಪ ಕೋಟು, ಸ್ಕಾರ್ಫು, ಕಂಕುಳಲ್ಲಿ ಬ್ಯಾಗು. ಎಡಗಾಲು ಪ್ರತಿ ಹೆಜ್ಜೆಗೂ ಕೊಂಚ ತಡ, ಏನೋ ಯೋಚನೆ ಮಾಡುವ ಹಾಗೆ.

ನಾನು ತಿರುಗಿ ನೋಡುತ್ತಿದ್ದೆ. ಪಕ್ಕಕ್ಕೆ ನೋಡಿದರೆ ನಮ್ಮವರೂ ತಿರುಗಿ ಕೂತಿದ್ದರು. ಹಿಂದಿನ ಸಾಲಿನವರು ಗೊಣಗಿದರೂ ಅವರು ಮುಂದಕ್ಕೆ ತಿರುಗಲಿಲ್ಲ.

"ಏನೇ ಇದು" ಎಂದರು, ಬಹಳ ಮೆಲ್ಲಗೆ.

"ಎಡಗಾಲು" ಎಂದೆ.

ಮುಂದೆ ವಜ್ರ ಯಾರ ಹತ್ತಿರ ಸಿಕ್ಕಿತು ಎಂಬುದು ಅವರ ತಲೆಗೆ ಹೋಗಲಿಲ್ಲ. ಗೊತ್ತಿದ್ದ ಕತೆಯಾದ್ದರಿಂದ ನಷ್ಟವೇನೂ ಆಗಲಿಲ್ಲ.

ಆಟ ಮುಗಿದ ಮೇಲೆ ಕಾಫಿಗೆ ಕೂತೆವು. ಕಾಲಿಗೆ ಏನಾಗಿದೆ ಎಂದು ನಾನೇ ಕೇಳಿದೆ. ನಮ್ಮವರು ಸಕ್ಕರೆ ಹಾಕದೆ ಚಮಚ ತಿರುಗಿಸುತ್ತಿದ್ದರು.

"ಆಣಿ" ಎಂದಳು ಆಕೆ. "ಅವಳ ಶೂಗಳಲ್ಲಿ ದಿನಾ ನಿಂತು ನಿಂತು ಎದ್ದದ್ದು. ಎರಡು ಸಲ ಕೊಯ್ಸಿದೆ, ಮತ್ತೆ ಬಂತು."

"ಇಷ್ಟು ವರ್ಷ ನಡಿಗೆಯ ವಿಷಯ ಯಾಕೆ ಹೇಳಲಿಲ್ಲ?" ಎಂದರು ನಮ್ಮವರು. ದನಿಯಲ್ಲಿ ದೂರು ಇತ್ತು, ಏನೋ ಮೋಸ ಹೋದವರಂತೆ.

"ಅದರಲ್ಲಿ ಹೇಳುವುದೇನಿದೆ? ನಡೆದದ್ದು ಶೂ. ನನಗೆ ಯಾವಾಗ ಮುಗಿಯುತ್ತದೋ ಎನಿಸಿತ್ತು." ಆಕೆ ಕಪ್ಪನ್ನು ಕೆಳಗಿಟ್ಟಳು. "ಮೊಣಕೈಯ ಮಾತು ಬೇರೆ. ಬಾಗಿಲ ಹಿಡಿ ಹಿಡಿದುಕೋ ಅಂತ ಅಷ್ಟೇ ಹೇಳಿದ್ದರು. ನಾನು ಯೋಚನೆ ಮಾಡಿದೆ. ಒಳಗೆ ಇರುವವನು ಅವಳ ಗಂಡನನ್ನು ಕೊಂದವನು. ಅವಳಿಗೆ ಒಳಗೆ ಹೋಗುವ ಮನಸ್ಸಿಲ್ಲ, ಹೋಗದೆ ವಿಧಿಯಿಲ್ಲ. ಅದಕ್ಕೆ ಕೈ ಎತ್ತಿ, ಮಡಿಚಿ, ಅಲ್ಲೇ ನಿಲ್ಲಿಸಿದೆ. ಆಮೇಲೆ ಹಿಡಿ ಹಿಡಿದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಚಿತ್ರದಲ್ಲಿ ಉಳಿಸಿಕೊಂಡರು."

ಅಷ್ಟು ಶನಿವಾರ ನಾನು ಆ ಮೊಣಕೈಯನ್ನು ನೋಡಿದ್ದೆ. ಆ ಹೆಂಗಸಿಗೆ ಒಳಗೆ ಹೋಗುವ ಮನಸ್ಸಿಲ್ಲ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆ ಮೇಜಿನ ಮುಂದೆ ಕೂತು ನೆನೆಸಿಕೊಂಡಾಗ ಹೊಳೆಯಿತು. ಆಕೆಯನ್ನು ಇನ್ನೊಂದು ಪೇಸ್ಟ್ರಿ ಬೇಕಾ ಎಂದು ಕೇಳಿದೆ. ಬೇಕು ಎಂದಳು.

ನಮ್ಮವರು ಒಂದು ವಾರ ಸೂತಕದಲ್ಲಿದ್ದವರಂತೆ ಇದ್ದರು. ಊಟದ ಮಧ್ಯೆ ಕೈ ನಿಲ್ಲಿಸಿ "ಶೂ ಕಚ್ಚುತ್ತಿತ್ತಂತೆ" ಎನ್ನುವರು, ಮತ್ತೆ ಅನ್ನ ಕಲೆಸುವರು. ನಾನು ಸಾಂತ್ವನ ಹೇಳಲು ಹೋಗಲಿಲ್ಲ. ಹುಳಿ ಬಡಿಸಿದೆ. ಮುಂದಿನ ಶನಿವಾರ ಕೋಲು ಕುಟ್ಟಿದಾಗ ನನಗಿಂತ ಮೊದಲು ಅವರೇ ಕೆಳಗೆ ಇಳಿದರು. ಮೇಲೆ ಬಂದು, ಆಕೆ ತಣ್ಣನೆಯವಳು, ನಗಿಸುವವಳು, ಕೊಲ್ಲುವವಳು ಎಂದು ವಿಂಗಡಿಸುವುದು ಎಷ್ಟು ಸೂಕ್ಷ್ಮ ಎಂದು ನನಗೇ ವಿವರಿಸಿದರು. ನಾನು ಮೊದಲ ಸಲ ಕೇಳುತ್ತಿರುವಂತೆ ಕೇಳಿದೆ.

ಕೆಲವು ವರ್ಷದ ಮೇಲೆ ನಾವು ಪ್ಲೇನ್ಸ್‌ಬರೋದ ಹೊಸ ಅಪಾರ್ಟ್‌ಮೆಂಟಿಗೆ ಹೋದೆವು. ಪಕ್ಕದ ಬ್ಲಾಕಿನಲ್ಲಿ ಧಾರವಾಡದ ಒಂದು ಕುಟುಂಬವಿತ್ತು. ಅವರು ಊಟಕ್ಕೆ ಬಂದ ಮೊದಲ ದಿನವೇ ನಮ್ಮವರು ಕಾರಿಡಾರಿನ ಕತೆ ತೆಗೆದರು. ಅವರ ಆವೃತ್ತಿಯಲ್ಲಿ ಅವರಿಗೆ ಮೊದಲಿನಿಂದಲೇ ಅನುಮಾನವಿತ್ತು. ನಡಿಗೆಯನ್ನು ನೋಡಿದ ಕೂಡಲೇ ಒಡತಿಯನ್ನು ಗುರುತು ಹಿಡಿದವರು ಅವರು. ಎಂಜಿನಿಯರ್ ಕಣ್ಣು.

"ಅಲ್ರೀ, ನೀವ ಹಿಡದ್ರಿ ಅಂತೀರಿ, ಅಕ್ಕಾರು ಯಾಕ ನಗಾಕತ್ತಾರ?" ಎಂದು ಧಾರವಾಡದ ಮನೆಯಾಕೆ ಕೇಳಿದರು.

"ಹಪ್ಪಳ ಗಂಟಲಿಗೆ ಸಿಕ್ಕಿತು" ಎಂದೆ.

ಒಮ್ಮೆ ಒಡತಿಯನ್ನೇ ಊಟಕ್ಕೆ ಕರೆದೆವು. ನಮ್ಮವರು ಜರ್ಸಿ ಸಿಟಿವರೆಗೆ ಡ್ರೈವ್ ಮಾಡಿ, ಕಾರಿನ ಬಾಗಿಲು ತೆಗೆದು ಹಿಡಿದು, ಮಹಾರಾಣಿಯನ್ನು ಕರೆತರುವಂತೆ ಕರೆತಂದರು. ಆಕೆ ಬಿಸಿಬೇಳೆಬಾತಿನ ಖಾರಕ್ಕೆ ಕಣ್ಣೀರು ಸುರಿಸಿ, ಮತ್ತೆ ಹಾಕಿಸಿಕೊಂಡು, ಮೊಸರು ಕುಡಿದಳು. ಟಿ.ವಿ.ಯಲ್ಲಿ ಯಾವುದೋ ಬ್ಲಾಂಡ್ ಚಿತ್ರ ಬರುತ್ತಿತ್ತು, ಆಕೆ ಅದನ್ನು ಆರಿಸಲು ಹೇಳಿ ನಮ್ಮ ಮದುವೆಯ ಆಲ್ಬಮ್ ಕೇಳಿದಳು. ನಮ್ಮವರು ಒಳಗೆ ಕಾಫಿ ಸೋಸುತ್ತಿದ್ದರು. ಆಕೆ ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ದೀಪ ಹೊಂದಿಸುವಾಗ ನಿನ್ನ ಬದಲು ಯಾರು ನಿಂತಿದ್ದರು?" ಎಂದಳು.

"ಯಾರೂ ಇಲ್ಲ. ನಾನೇ ನಿಂತಿದ್ದೆ. ಹೋಮದ ಹೊಗೆ ಬೇರೆ."

"ಗೊತ್ತಾಗುತ್ತದೆ" ಎಂದಳು. "ಬೆಳಕು ಎಲ್ಲ ಅವನ ಮೇಲೆ ಬಿದ್ದಿದೆ. ಅವನನ್ನು ಸ್ವಲ್ಪ ಹಿಂದೆ ನಿಲ್ಲಿಸಬೇಕಿತ್ತು."

"ಏನಂತೆ?" ಎಂದು ನಮ್ಮವರು ಒಳಗಿನಿಂದ ಕೂಗಿ ಕೇಳಿದರು.

"ನೀವು ಫೋಟೋದಲ್ಲಿ ಬೆಳಗ್ತಿದೀರಂತೆ" ಎಂದೆ.

ಅವರಿಗೆ ಸಂತೋಷವಾಯಿತು. ಕಾಫಿಯನ್ನು ಮೊದಲು ಆಕೆಗೇ ತಂದುಕೊಟ್ಟರು.