ವಾರದ ಅಜ್ಜಿಯ ಬಲಗೈ

ಅಜ್ಜಿಯ ಬಲ ಮಣಿಕಟ್ಟು ಸೌಟಿನ ಹಿಡಿಯಂತೆ ಕೊಂಚ ಬಾಗಿತ್ತು. ಆ ಕೈ ನನ್ನ ಎಲೆಗೆ ಅನ್ನ ಬಡಿಸಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ ಓದಲೆಂದು ದೇವದುರ್ಗದಿಂದ ರಾಯಚೂರಿಗೆ ಬಂದ ನನಗೆ ವಾರಾನ್ನವೇ ಆಧಾರ. ದಿನಕ್ಕೊಂದು ಮನೆಯಲ್ಲಿ ಊಟ. ಗುರುವಾರ ಈ ಅಜ್ಜಿಯ ಮನೆ. ರಾಯಚೂರಿನ ಬಿಸಿಲು ಊರನ್ನೆಲ್ಲ ಸುಡುತ್ತಿದ್ದರೂ ಮಡಿಯ ಹೆಂಗಸಾದ ಅವರ ದಿನವೆಲ್ಲ ಕತ್ತಲೆಯ ಅಡುಗೆಮನೆಯಲ್ಲೇ ಕಳೆಯುತ್ತಿತ್ತು. ನನ್ನ ಚರ್ಚಾಸ್ಪರ್ಧೆಯ ಭಾಷಣವನ್ನು ಒಲೆಯ ಮುಂದೆ ಕುಳಿತೇ ಕೇಳಿ, "ಅನ್ನ ಆರಲಿಕ್ಕತ್ತದ. ಸಮಾಜ ಆಮ್ಯಾಲೆ ತಿದ್ದೀಯಂತ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಡಿನೀರು ತರುವಾಗ ಬಾವಿಕಟ್ಟೆಯಲ್ಲಿ ಜಾರಿ, ಕೈಯೂರಿ ಬಿದ್ದರು, ಮಣಿಕಟ್ಟು ಮುರಿಯಿತು. ದೇವರ ನೈವೇದ್ಯವನ್ನಾಗಲಿ ಅತಿಥಿಯ ಅನ್ನವನ್ನಾಗಲಿ ಎಡಗೈ ಮುಟ್ಟುವುದು ಅವರ ಆಚಾರಕ್ಕೆ ಸಲ್ಲದು. "ಈ ಕೈ ಹೋದ್ರ ನಾ ಇದ್ದು ಏನು ಮಾಡಲಿ?" ಎಂದರು. ಪ್ಲಾಸ್ಟರ್ ಹಾಕಿದ ಡಾಕ್ಟರು, ಬಿಸಿಲು ಕಾಣದ ಎಲುಬು ಸವೆದಿದೆ ಎಂದು ಡಿ ಜೀವಸತ್ವದ ಗುಳಿಗೆ ಬರೆದುಕೊಟ್ಟರು. ಅಂಗಡಿಯಿಂದ ತಂದ ಸೀಸೆಯ ಮೇಲಿನ ಇಂಗ್ಲಿಷನ್ನು ಓದಿದೆ. ಗುಳಿಗೆಗಳ ಒಳಗಿದ್ದುದು ಮೀನೆಣ್ಣೆ.

"ಯಾತರದಪಾ ಇದು?"

"ಎಣ್ಣೀದು, ಅಜ್ಜಿ."

ಸುಳ್ಳೇನೂ ಅಲ್ಲ, ಅರ್ಧ ಸತ್ಯವನ್ನಷ್ಟೇ ಮುಂದಿಡುವ ವೇದಿಕೆಯ ಜಾಣ್ಮೆ. ಅವರ ಒಳಿತಿಗಾಗಿಯೇ ಎಂದು ನನ್ನೊಳಗೇ ವಾದ ಹೂಡಿ ಗೆದ್ದೆ. ಆದರೆ ಮುಂದಿನ ಗುರುವಾರಗಳಲ್ಲಿ ಅವರ ಸೊಸೆ ಬಡಿಸಿದ ಅನ್ನ ಉಣ್ಣುವಾಗ ನನ್ನ ಕಣ್ಣು ಆ ಸೀಸೆಯ ಮೇಲೇ ಇರುತ್ತಿತ್ತು. ಇಂಗ್ಲಿಷ್ ಬಲ್ಲವರು ಯಾರಾದರೂ ಸೀಸೆ ನೋಡಿದರೆ? ನಾನೇ ಹೇಳಿ, ಅವರು ಗುಳಿಗೆ ಬಿಟ್ಟು, ಕೈ ಕೂಡದೆ ಹೋದರೆ?

ಪ್ಲಾಸ್ಟರ್ ಬಿಚ್ಚಿದ ವಾರ, ಬೆರಳು ಬಿಗಿದಿದ್ದರೂ ನೈವೇದ್ಯದ ಅಕ್ಕಿ ತೊಳೆಯಲು ಕುಳಿತರು. ಇನ್ನು ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

ಅಕ್ಕಿಯೊಳಗಿನ ಕೈ ನಿಂತಿತು. ಕೇಳಿದರು: "ಮೊದಲೇ ಹೇಳಿದ್ರ ಒಲ್ಲೆ ಅಂತಿದ್ದೆ, ಖರೇ. ಒಲ್ಲೆ ಅನ್ನಲಿಕ್ಕೆ ನನಗ ಬಾಯಿ ಇದ್ದಿಲ್ಲೇನು?"

ಅಂದು ಅವರು ಉಪವಾಸವಿದ್ದು ಪಂಚಗವ್ಯ ಸ್ವೀಕರಿಸಿದರು. ಮರುದಿನದಿಂದ ಹಿತ್ತಲ ಎಳೆಬಿಸಿಲಿಗೆ ತೋಳು ಚಾಚಿ ಕುಳಿತು, ಬಟ್ಟೆಯುಂಡೆ ಹಿಂಡುತ್ತ ಬೆರಳು ಪಳಗಿಸಿದರು. ಮುಂದಿನ ಗುರುವಾರ ಸೀಸೆಯನ್ನು ನನ್ನ ಮುಂದಿಟ್ಟರು. "ಚೆಲ್ಲಬ್ಯಾಡ. ಡಾಕ್ಟರಿಗೆ ತಿರುಗಿ ಕೊಡು, ಯಾರಿಗರೆ ಆದೀತು. ಆದ್ರ ಯಾತರದು ಅಂತ ಮೊದಲು ಹೇಳಬೇಕು."

ಕೈ ಕೂಡಿತು, ಬಾಗು ಉಳಿಯಿತು. ಕೂಡಿದ್ದು ಗುಳಿಗೆಯಿಂದಲೋ ಬಿಸಿಲಿನಿಂದಲೋ ಬರಿಯ ಕಟ್ಟಿನಿಂದಲೋ, ಯಾವ ಪಕ್ಷದಲ್ಲಿ ನಿಂತೂ ನಾನು ವಾದಿಸಲಾರೆ.

ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡ ಸುದ್ದಿ ತಲುಪಿದಾಗ ನಾನು ಮಾನ್ವಿಯ ಹತ್ತಿರ ಆರೋಗ್ಯ ಶಿಬಿರದಲ್ಲಿ ಔಷಧಿ ಹಂಚುತ್ತಿದ್ದೆ. ಎದುರಿಗೆ ಕೈಗೆ ಕಟ್ಟು ಹಾಕಿಸಿಕೊಂಡ ಮುದುಕಿಯೊಬ್ಬಳು ಅಂಥದೇ ಗುಳಿಗೆ ಹಿಡಿದು ಕುಳಿತಿದ್ದಳು. ಯಾತರದೆಂದು ಹೇಳಿದೆ. "ಒಲ್ಲೆ ಯಪ್ಪಾ" ಎಂದಳು. ಗುಳಿಗೆಯನ್ನು ಹಿಂದಕ್ಕೆ ಪಡೆದು, ದಿನವೂ ಎಳೆಬಿಸಿಲಿಗೆ ಕೂಡಲು ಹೇಳಿ ಕಳಿಸಿದೆ. ಅವಳ ಕೈಯ ಚಿಂತೆ ಬಸ್ಸಿನಲ್ಲಿ ರಾಯಚೂರಿನವರೆಗೂ ನನ್ನ ಜೊತೆಗೇ ಬಂತು.