ಅಜ್ಜ ಸಾಕೆಂದಲ್ಲಿ ನಾನು ನಿಲ್ಲಲಿಲ್ಲ

ನಾವು ಧಾರವಾಡ ಸೀಮೆಯವರು ಮುಂಬಯಿ ಸರ್ಕಾರವನ್ನು ಬಿಟ್ಟು ಮೈಸೂರಿನವರ ಜೊತೆ ಒಂದಾದ ವರ್ಷದ ಮಾತಿದು. ಗದಗ-ಬೆಟಗೇರಿಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಒಂದಾದ ಸುದ್ದಿಯೇ. ಇಷ್ಟು ದೊಡ್ಡ ನಾಡು ಒಂದಾದರೂ ಬೆಟಗೇರಿಯ ನಮ್ಮ ಮನೆ ಮತ್ತು ಮುಂಡರಗಿಯ ಒಂದು ಮನೆ ಒಂದಾಗಲು ತಯಾರಿರಲಿಲ್ಲ. ನಡುವೆ ಸಿಕ್ಕಿಕೊಂಡವಳು ನಾನು. ಈಗ ನೆನೆಸಿಕೊಂಡರೂ ನನಗೆ ತಲೆ ಬಿಸಿಯಾಗುತ್ತದೆ.

ನಮ್ಮದು ನೇಕಾರರ ಓಣಿಯ ಕ್ರೈಸ್ತ ಮನೆ. ಅಪ್ಪ ಮಗ್ಗದ ಕುಣಿಗೆ ಇಳಿದರೆ ಊಟಕ್ಕೆ ಕರೆಯುವವರೆಗೆ ಮಾತಿಲ್ಲ. ಮನೆಯ ಮಾತೆಲ್ಲ ಅಜ್ಜನದು. ಅಜ್ಜ ದಾವೀದಪ್ಪ ಹೊಂಬಳ, ಹುಲಕೋಟಿ, ಲಕ್ಷ್ಮೇಶ್ವರದವರೆಗೆ ನಡೆದಾಡಿ ಸುವಾರ್ತೆ ಹೇಳಿದ ಉಪದೇಶಿ. ವಯಸ್ಸಾದ ಮೇಲೆ ಕಣ್ಣಿಗೆ ಪೊರೆ ಬಂತು. ಅಂದಿನಿಂದ ಅವನ ಕಣ್ಣು ನಾನಾದೆ.

ಸತ್ಯವೇದದ ಪುಟದ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಿರುತ್ತವೆ. ಈ ವಚನದ ಅರ್ಥ ಬೇಕಾದರೆ ಇಂಥ ಕಡೆ ಇಂಥ ವಚನ ನೋಡು ಎಂಬ ಗುರುತುಗಳು ಅವು. ಅಜ್ಜನ ಜೀವವೇ ಆ ಅಂಚಿನಲ್ಲಿತ್ತು. ಒಂದು ವಚನ ಓದಿಸುವನು, ಆಮೇಲೆ ಅದರ ಅಂಚಿನದು, ಆಮೇಲೆ ಆ ಅಂಚಿನದರ ಅಂಚಿನದು. ಆದಿಕಾಂಡದಲ್ಲಿ ಹತ್ತಿದವಳು ಪ್ರಕಟನೆಯಲ್ಲಿ ಇಳಿಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ಬೂದಿಗೆ ಬಿದ್ದಿರುತ್ತಿತ್ತು. ತನಗೆ ಬೇಕಾದ ಮಾತು ಕಿವಿಗೆ ಬಿದ್ದ ಕೂಡಲೇ ಕೈ ಎತ್ತಿ ‘ಸಾಕು’ ಅನ್ನುವನು. ಅರ್ಧ ವಾಕ್ಯವಾದರೂ ಅಲ್ಲಿಯೇ ನಿಲ್ಲಬೇಕು. ಸಾರಿಗೆ ಉಪ್ಪು ಹೆಚ್ಚಾಯಿತೇನು ಎಂದು ಅವ್ವ ಕೇಳಿದರೂ ಉಪ್ಪಿನ ವಚನ ತೆಗೆಸಿದ ಮನುಷ್ಯ ಅವನು. ಅವ್ವನಿಗೆ ಕೊನೆಗೂ ಉತ್ತರ ಸಿಗಲಿಲ್ಲ.

ಇಂಥ ಮನೆಗೆ ಮುಂಡರಗಿಯಿಂದ ಸಂಬಂಧ ಬಂತು. ಹುಡುಗ ಪ್ರಭಾಕರ, ಸಾಲಿ ಮಾಸ್ತರ. ತಂದೆ ಇಲ್ಲ. ಹಿರಿಯರಾಗಿ ಬಂದವರು ದೊಡ್ಡಪ್ಪ ಯೋಬಪ್ಪ ಮಾಸ್ತರರು. ಅವರ ಬಗಲಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿದ ಗಂಟು ಕಂಡು ಅವ್ವ ಹುಡುಗಿಗೆ ಸೀರೆ ತಂದಿದ್ದಾರೆ ಅಂದುಕೊಂಡಳು. ಬಿಚ್ಚಿದರೆ ಸತ್ಯವೇದಕ್ಕೆ ಪಂಡಿತರು ಬರೆದ ವ್ಯಾಖ್ಯಾನ, ಇಟ್ಟಂಗಿಯಷ್ಟು ದಪ್ಪದ್ದು. ನಮ್ಮ ಮನೆಯಲ್ಲಿ ಒಬ್ಬರಿದ್ದದ್ದು ಸಾಲದೆಂದು ದೇವರು ಇನ್ನೊಬ್ಬರನ್ನು ಕಳಿಸಿದ್ದ.

ಆ ಮೊದಲ ಸಲ ನಾನು ಅಡಿಗೆ ಬಲ್ಲೆನೋ ಇಲ್ಲವೋ ಯಾರೂ ಕೇಳಲಿಲ್ಲ. ನಾಡು ಒಂದಾದ ಮಾತು ಬಂತು. ಅಜ್ಜ ಯೆಹೆಜ್ಕೇಲನ ಪುಸ್ತಕ ತೆಗೆಸಿ ಎರಡು ಕೋಲುಗಳು ಪ್ರವಾದಿಯ ಕೈಯಲ್ಲಿ ಒಂದೇ ಕೋಲಾದ ಮಾತನ್ನು ಓದಿಸಿದ. ಇದು ನಮಗೇ ಹೇಳಿದ್ದು ಎಂದು ಅರ್ಥ ಬಿಡಿಸಿದ. ಯೋಬಪ್ಪ ಮಾಸ್ತರರು ಗಂಟು ಬಿಚ್ಚಿದರು.

“ಅದು ಯೆಹೂದ, ಇಸ್ರಾಯೇಲರ ಮಾತ್ರಿ. ಧಾರವಾಡ, ಮೈಸೂರಿಂದಲ್ಲ. ವ್ಯಾಖ್ಯಾನದಾಗ ಸ್ವಚ್ಛ ಬರದಾರ.”

“ಅದನ್ನ ಬರದಾವ್ರು ಧಾರವಾಡ ನೋಡಿದ್ರೇನ್ರಿ?” ಅಂದ ಅಜ್ಜ.

ಹೊತ್ತು ಇಳಿಯುವವರೆಗೆ ನಡೆಯಿತು. ಇಬ್ಬರಿಗೂ ಓದಿ ಹೇಳುವವಳು ನಾನೇ. ನನ್ನ ಧ್ವನಿ ಒಡೆಯತೊಡಗಿದಾಗ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹುಡುಗ ಎದ್ದು ಹೋಗಿ, ಅವ್ವನನ್ನು ಕೇಳಿ ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟ. “ಗಂಟಲು ನೋಯಾಂಗಿಲ್ಲೇನ್ರಿ ನಿಮಗ?” ಅಂದ. ಓದುವವರಿಗೆ ಎಂಥ ಗಂಟಲು ನೋವು ಎಂದು ಅಜ್ಜ ಗೊಣಗಿದ. ಅಷ್ಟು ವರ್ಷ ಓದಿದ್ದೆ, ಆ ಮಾತನ್ನು ಯಾರೂ ನನಗೆ ಕೇಳಿರಲಿಲ್ಲ. ನಾನು ಮನಸ್ಸಿನಲ್ಲಿ ಅಂದೇ ತೀರ್ಮಾನ ಮಾಡಿಬಿಟ್ಟೆ. ಹೇಳುವುದು ಯಾರಿಗೆ? ಆಗಿನ ಹುಡುಗಿಯರು ಅಂಥದ್ದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಎರಡನೆಯ ಸಲ ಬಂದಾಗ ಮಾತು ಪಕ್ಕಾ ಆಗಬೇಕಿತ್ತು. ಅವ್ವ ಗೋದಿ, ಬೆಲ್ಲದ ಸಿಹಿ ಮಾದ್ಲಿ ಮಾಡಿದ್ದಳು, ಎಣ್ಣೆಗಾಯಿ ಮಾಡಿದ್ದಳು. ಪಕ್ಕದ ಮನೆಯ ಬಸವ್ವ ರೊಟ್ಟಿ ಬಡಿಯಲು ಬಂದಿದ್ದಳು. ಸೀರೆ, ಊಟ, ಮದುವೆಗೆ ಕ್ರಿಸ್ಮಸ್ ಆದ ಮೇಲಿನ ಒಂದು ದಿನ, ಎಲ್ಲವೂ ಸರಾಗ ಒಪ್ಪಿಗೆಯಾಯಿತು. ಬಸವ್ವ ತಾಟು ಒರೆಸತೊಡಗಿದಳು. ಆಗ ಅಜ್ಜ ಗಂಟಲು ಸರಿ ಮಾಡಿಕೊಂಡು, ಮದುವೆಯಾದ ಮೇಲೆ ಹುಡುಗ ಬೆಟಗೇರಿಗೆ ಬಂದು ನಮ್ಮ ಮನೆಯಲ್ಲೇ ಇರಬೇಕು, ಹುಡುಗಿಯನ್ನು ಮುಂಡರಗಿಗೆ ಕಳಿಸುವುದಿಲ್ಲ ಅಂದ.

ಅಪ್ಪನಿಗೂ ಅದು ಹೊಸ ಸುದ್ದಿ.

ಹುಡುಗನ ನೌಕರಿ ಮುಂಡರಗಿಯಲ್ಲಿದೆ, ತಾಯಿ ಅಲ್ಲಿದ್ದಾಳೆ, ಅದು ಹೇಗಾಗುತ್ತದೆ ಎಂದು ಮಾಸ್ತರರು ಕೇಳಿದರು. ನಿಜವಾದ ಉತ್ತರ ಮನೆಯವರಿಗೆಲ್ಲ ಗೊತ್ತಿತ್ತು. ನಾನು ಹೋದರೆ ಅಜ್ಜನಿಗೆ ಓದಿ ಹೇಳುವವರಿಲ್ಲ. ಆ ಒಂದು ಮಾತು ಹೇಳಿದ್ದರೆ ಮಾಸ್ತರರ ಮನಸ್ಸೂ ಕರಗುತ್ತಿತ್ತೇನೋ. ಆದರೆ ಅಜ್ಜ ತನ್ನ ಮಾತನ್ನು ತಾನು ಹೇಳುವವನಲ್ಲ, ವಚನದಿಂದ ಹೇಳಿಸುವವನು. ಗಂಡನು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನು ಎಂಬ ವಚನ ಓದಿಸಿದ.

“ನೋಡ್ರಿ, ಬಿಟ್ಟು ಬರಬೇಕಾದಾಂವ ಗಂಡಸು. ನಿಮ್ಮ ಹುಡುಗ.”

ಮಾಸ್ತರರು ಪುಟ ತಿರುವಿ, ಇಲ್ಲಿ ಬಿಡುವುದೆಂದರೆ ಮನಸ್ಸಿನಿಂದ ಬಿಡುವುದು, ಮನೆಯಿಂದಲ್ಲ ಎಂದು ವ್ಯಾಖ್ಯಾನ ಹೇಳಿದರು. ಅಜ್ಜ ಯಾಕೋಬನನ್ನು ಎಳೆತಂದ, ಮಾವನ ಮನೆಯಲ್ಲಿ ವರ್ಷಗಟ್ಟಲೆ ಇದ್ದವನು. ಅವನಿಗೆ ಆ ಮಾವ ಮಾಡಿದ ಮೋಸವನ್ನೂ ಓದಿಸಿರಿ ಎಂದು ಮಾಸ್ತರರು. ಅಜ್ಜ ಮಾವನ ಕುರಿ ಕಾಯ್ದ ಮೋಶೆಯನ್ನು ತಂದ. ಅವನೂ ಹೆಂಡತಿ ಮಕ್ಕಳನ್ನು ಕತ್ತೆಯ ಮೇಲೆ ಕೂಡಿಸಿಕೊಂಡು ಹೋದನಲ್ಲ ಎಂದು ಮಾಸ್ತರರು. ನಾನು ಹಿಂದಕ್ಕೆ ತಿರುವು, ಮುಂದಕ್ಕೆ ತಿರುವು. ಒಂದು ಮನೆಯ ಪರವಾಗಿ ಓದು, ಅದೇ ಬಾಯಿಂದ ಇನ್ನೊಂದು ಮನೆಯ ಪರವಾಗಿ ಓದು. ಕಡಲೆಯ ಹಾಗೆ ನನ್ನನ್ನೇ ಹುರಿಯುತ್ತಿದ್ದರು, ಇಬ್ಬರಿಗೂ ಹೊಗೆಯ ವಾಸನೆ ಬರಲಿಲ್ಲ.

ಒಳಗಿನಿಂದ ಬಸವ್ವ ಎಲ್ಲರಿಗೂ ಕೇಳುವಂತೆ ಅಂದಳು, “ಯಕ್ಕಾ, ನಿಮ್ಮ ಪುಸ್ತಕದಾಗ ರೊಟ್ಟಿ ಆರೋದರೊಳಗ ಉಣಬೇಕು ಅಂತ ಎಲ್ಲೂ ಬರದಿಲ್ಲೇನ?”

ಹೊರಗೆ ಬಿಸಿಲು ಕಟ್ಟೆ ಬಿಟ್ಟು ಇಳಿದಿತ್ತು. ಮುಂಡರಗಿಯ ಕೊನೆಯ ಮೋಟಾರು ತಪ್ಪಬಾರದು. ಇವತ್ತು ಇಲ್ಲಿ ಬಗೆಹರಿಯದಿದ್ದರೆ ಮುಂದಿನ ವಾರ ಹುಬ್ಬಳ್ಳಿಯ ಒಂದು ಮನೆಗೆ ಹುಡುಗಿ ನೋಡಲು ಹೋಗುತ್ತೇವೆ, ಅವರು ಕಾಯುತ್ತಿದ್ದಾರೆ ಎಂದು ಮಾಸ್ತರರು ಹೇಳಿಯೇಬಿಟ್ಟರು. ಪ್ರಭಾಕರ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ಹಿರಿಯರ ಮುಂದೆ ಅವನಿಗೂ ಬಾಯಿಲ್ಲ.

“ಮಾರ್ತಾ, ಆದಿಕಾಂಡ ಇಪ್ಪತ್ನಾಕು ತೆಗಿ” ಅಂದ ಅಜ್ಜ.

ಅದು ಇಸಾಕನ ಮದುವೆಯ ಅಧ್ಯಾಯ. ಹುಡುಗಿಯನ್ನು ತರಲು ಅಬ್ರಹಾಮನು ತನ್ನ ಮನೆಯ ಹಿರಿಯ ಆಳನ್ನು ದೂರದ ತನ್ನ ಬಳಗದ ಊರಿಗೆ ಕಳಿಸುತ್ತಾನೆ. ಬಾವಿಯ ಹತ್ತಿರ ರೆಬೆಕ್ಕ ಸಿಗುತ್ತಾಳೆ, ಅವಳ ಮನೆಯವರು ಒಪ್ಪುತ್ತಾರೆ. ಮರುದಿನ ಬೆಳಿಗ್ಗೆ ಅವನು ಹೊರಟು ನಿಂತಾಗ ಅವಳ ತಾಯಿ ಮತ್ತು ಅಣ್ಣ, ಹುಡುಗಿ ಇನ್ನಷ್ಟು ದಿನ ನಮ್ಮ ಹತ್ತಿರ ಇರಲಿ ಅನ್ನುತ್ತಾರೆ. ಅಷ್ಟು ಓದಿದೆ.

“ಸಾಕು” ಎಂದು ಅಜ್ಜ ಕೈ ಎತ್ತಿದ. “ಕೇಳಿದ್ರೇನ್ರಿ? ಹುಡುಗಿನ್ನ ಇಟ್ಕೊಳ್ಳೋದು ಹೊಸಾ ಮಾತಲ್ಲ.”

“ಮುಂದಿಂದು ಓದು ತಂಗಿ” ಅಂದರು ಮಾಸ್ತರರು. ಓದಿದೆ. ನನ್ನನ್ನು ತಡೆಯಬೇಡಿರಿ, ಕಳಿಸಿಕೊಡಿರಿ ಎಂದು ಬಂದವನು ಬೇಡುತ್ತಾನೆ.

“ಸಾಕು” ಅಂದರು ಮಾಸ್ತರರು, ಅವರೂ ಕೈ ಎತ್ತಿ.

ಇಬ್ಬರೂ ತಮ್ಮ ತಮ್ಮ ವಚನದ ಮೇಲೆ ಕೂತುಬಿಟ್ಟರು. ಧ್ವನಿ ಏರಿತು. ಅಜ್ಜ ಮಾಸ್ತರರ ಪುಸ್ತಕಕ್ಕೆ ಕಟ್ಟಿಗೆ ತುಂಡು ಅಂದ. ಮಾಸ್ತರರು ಅಜ್ಜನಿಗೆ ಹಟಮಾರಿ ಅಂದರು, ಕೆಂಪು ವಸ್ತ್ರದ ನಾಲ್ಕೂ ತುದಿ ಎಳೆದು ಗಂಟು ಹಾಕಿ ಎದ್ದು ನಿಂತರು. “ಪ್ರಭಾಕರ, ಚಪ್ಪಲಿ ಮೆಟ್ಟು” ಅಂದರು.

ಅವನು ಎದ್ದ. ಹೊಸ್ತಿಲ ಹತ್ತಿರ ಒಮ್ಮೆ ತಿರುಗಿ ನನ್ನನ್ನು ನೋಡಿದ. ನನ್ನ ಬೆರಳು ಇನ್ನೂ ಆ ಪುಟದ ಮೇಲೆಯೇ ಇತ್ತು. ಮುಂದಿನ ಸಾಲಿಗೆ ಕಣ್ಣು ಹೋಯಿತು. ಅಜ್ಜ ಈ ಅಧ್ಯಾಯವನ್ನು ಎಷ್ಟು ಸಲ ಓದಿಸಿದ್ದ, ಒಮ್ಮೆಯೂ ಅದರಾಚೆ ಹೋಗಲು ಬಿಟ್ಟಿರಲಿಲ್ಲ. ಯಾರೂ ಕೇಳದಿದ್ದರೂ ನಾನು ಓದತೊಡಗಿದೆ.

ಹುಡುಗಿಯನ್ನೇ ಕರೆದು ಅವಳ ಬಾಯಿಂದಲೇ ಕೇಳೋಣ ಎಂದು ಆ ಮನೆಯವರು ಅಂದರು, ಎಂದು ಓದಿದೆ.

“ಸಾಕು” ಅಂದ ಅಜ್ಜ.

ನಾನು ನಿಲ್ಲಲಿಲ್ಲ. ರೆಬೆಕ್ಕಳನ್ನು ಕರೆದರು, ಈ ಮನುಷ್ಯನ ಸಂಗಡ ಹೋಗುತ್ತೀಯಾ ಎಂದು ಕೇಳಿದರು, ಎಂದು ಓದಿದೆ. “ಸಾಕು ಅಂದೆ” ಅಂದ ಅಜ್ಜ, ಜೋರಾಗಿ. ಪುಸ್ತಕ ಮುಚ್ಚಿಬಿಟ್ಟೆ. ಉತ್ತರ ನೋಡಿ ಓದಬೇಕಾಗಿರಲಿಲ್ಲ.

“ಹೋಗ್ತೀನ್ರಿ” ಅಂದೆ.

ಮೊದಲು ಮಾತಾಡಿದವನು ಅಜ್ಜ. “ಪುಸ್ತಕದಾಗ ‘ರಿ’ ಇಲ್ಲ” ಅಂದ, ಸಣ್ಣ ದನಿಯಲ್ಲಿ.

ಮಾಸ್ತರರಾದರೂ ಸುಮ್ಮನಿರಬೇಕೋ ಬೇಡವೋ. ನಿಂತಲ್ಲೇ ಕೂತು ಮತ್ತೆ ಗಂಟು ಬಿಚ್ಚಿದರು. ನನ್ನ ಬದುಕು ಬಾಗಿಲಲ್ಲಿ ನಿಂತಿದೆ, ಇವರು ಕಣ್ಣಿಗೆ ಚಾಳೀಸು ಹಾಕಿಕೊಂಡು ಪುಟ ಹುಡುಕುತ್ತಿದ್ದಾರೆ. ಮೇಲಿಂದ ಕೆಳಗೆ ಬೆರಳಾಡಿಸಿ ಕೊನೆಗೆ ಅಂದರು, “ಈ ವಚನಕ್ಕ ವ್ಯಾಖ್ಯಾನ ಬರದಿಲ್ರಿ ಉಪದೇಶಿಗಳ.”

“ಬ್ಯಾಡ ಬಿಡ್ರಿ” ಅಂದ ಅಜ್ಜ.

“ಆತಲ್ಲ, ಇನ್ನ ಕೈ ತೊಳಕೊಳ್ರಿ” ಎಂದು ಬಸವ್ವ ತಾಟು ತಂದು ಕುಕ್ಕಿದಳು. ಆರಿದ ರೊಟ್ಟಿಯನ್ನು ಆ ದಿನ ಎಲ್ಲರೂ ಮುರಿದರು. ಅವ್ವ ಮಾತ್ರ ಒಲೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮದುವೆಯಾಗುವವರೆಗೆ ಅಜ್ಜ ನನ್ನಿಂದ ಒಂದು ವಚನವನ್ನೂ ಓದಿಸಲಿಲ್ಲ. ಮುಂಡರಗಿಗೆ ಹೊರಡುವ ಬೆಳಿಗ್ಗೆ ಪೆಟ್ಟಿಗೆ ಕಟ್ಟಿಟ್ಟಾಗ ಕರೆದ. ಆವತ್ತು ನೀನು ಪುಸ್ತಕ ಮುಚ್ಚಿದೆಯಲ್ಲ, ಆ ವಚನದ ಅಂಚಿನಲ್ಲಿ ಏನಿದೆ ನೋಡು ಅಂದ. ಮೋಟಾರಿಗೆ ಹೊತ್ತಾಗುತ್ತಿತ್ತು. ಈಗಲಾದರೂ ಬಿಡಬಾರದೇ ಎಂದು ಸಿಟ್ಟು ಬಂತು. ತೆಗೆದು ನೋಡಿದೆ. ನಲವತ್ತೈದನೆಯ ಕೀರ್ತನೆಗೆ ಗುರುತಿತ್ತು. ಅಲ್ಲಿಗೆ ತಿರುವಿದೆ. ಮಗಳೇ ಕೇಳು, ನಿನ್ನ ಜನರನ್ನೂ ತೌರುಮನೆಯನ್ನೂ ಮರೆತುಬಿಡು ಎಂದಿತ್ತು. ಅದು ನನ್ನ ಬಾಯಿಂದ ಹೊರಡಲಿಲ್ಲ.

“ಗಂಟಲು ನೋಯಾಕ್ಹತ್ತೈತೇನು?” ಅಂದ ಅಜ್ಜ. ಜೀವಮಾನದಲ್ಲಿ ಅದೇ ಮೊದಲು ಕೇಳಿದ್ದು. ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ ತಾನೇ ಮುಂದುವರಿಸಿದ. ಓದಿಸಬೇಕಾಗಿಯೇ ಇರಲಿಲ್ಲ, ಅದು ಅವನಿಗೆ ಬಾಯಿಪಾಠವಿತ್ತು.

“ಮರೀಬೇಕು ಅಂತ ಬರದೈತಿ. ಖರೆ. ಎಷ್ಟ ದಿನದಾಗ ಮರೀಬೇಕು ಅಂತ ಎಲ್ಲೂ ಬರದಿಲ್ಲ. ಹೋಗಿ ಬಾ.”

ಇಷ್ಟು ವರ್ಷವಾಯಿತು. ನನ್ನ ಯಜಮಾನರು ತೀರಿಕೊಂಡರು, ನನಗೂ ಪೊರೆ ಬಂತು. ಈಗ ಮುಂಡರಗಿಯ ಮನೆಯಲ್ಲಿ ಮೊಮ್ಮಗಳು ನನಗೆ ಓದಿ ಹೇಳುತ್ತಾಳೆ. ಆ ಕೀರ್ತನೆಯಲ್ಲಿ ತೌರುಮನೆ ಮರೆತುಬಿಡು ಎಂಬ ವಚನ ಬರುವುದಕ್ಕೆ ಮೊದಲೇ ನನ್ನ ಕೈ ತಾನಾಗಿ ಮೇಲೇಳುತ್ತದೆ, ಸಾಕು ಅಂದುಬಿಡುತ್ತೇನೆ. ಯಾವಾಗಲೂ ಇಲ್ಲೇ ಯಾಕೆ ನಿಲ್ಲಿಸುತ್ತೀ ಎಂದು ಆ ಹುಡುಗಿ ಸಿಡುಕುತ್ತಾಳೆ. ಅಂಥ ಹೊತ್ತಿನಲ್ಲಿ, ಮರೆಯಲು ಗಡುವನ್ನೇ ಕೊಡದೆ ಕಳಿಸಿದ ಅಜ್ಜನ ಮೇಲೆ ನನಗೆ ಇಂದಿಗೂ ಬಹಳ ಸಿಟ್ಟು ಬರುತ್ತದೆ.